ಕಾಶಿನಾಥಪ್ಪನವರ ಕೈಗುಣ

ನಾರಾಯಣಖೇಡದ ಕಾಶಿನಾಥ ವೈದ್ಯರು ಲಿಂಗೈಕ್ಯರಾದರೆಂಬ ಸುದ್ದಿ ತಾಂಡೂರಿಗೆ ಮುಟ್ಟಿದಾಗ ತಾರಾಬಾಯಿ ಆಡುಸೋಗೆ ಎಲೆಯ ಕಷಾಯ ಕುದಿಸುತ್ತಿದ್ದಳು. ಗಂಡ ರೇವಪ್ಪ ಫೋನು ಕೆಳಗಿಟ್ಟು ಮೆಲ್ಲಗೆ ಹೇಳಿದ. ಅವಳು ಒಲೆ ಆರಿಸಿ ಅಲ್ಲೇ ಕುಳಿತುಬಿಟ್ಟಳು.

ಉಬ್ಬಸ ಹತ್ತಿ, ಗೋಡೆಗೊರಗಿ ಬೆಳಗು ಮಾಡುತ್ತಿದ್ದ ಹೆಂಗಸು ಅವಳು. ಜಹೀರಾಬಾದಿನ ಡಾಕ್ಟರರು ಕೊಟ್ಟ ಇನ್ಹೇಲರ್ ಪಂಪನ್ನು ತಪ್ಪದೆ ಎಳೆಯುತ್ತಿದ್ದಳು, ವೈದ್ಯರ ಕಷಾಯವನ್ನೂ ಕುಡಿಯುತ್ತಿದ್ದಳು. ಈಚೆಗೆ ಉಬ್ಬಸ ತಗ್ಗಿತ್ತು. ಆದರೆ ಹೇಗೆಂದು ಯಾರು ಕೇಳಿದರೂ, "ಎಲ್ಲಾ ಕಾಶಿನಾಥಪ್ಪನವರ ಕೈಗುಣರಿ" ಎನ್ನುವಳು.

ಹೊರಡುವಾಗ ರೇವಪ್ಪ ಕೇಳಿದ: "ಪಂಪು ತಗೊಂಡಿ ಇಲ್ಲೋ?"

"ಅವರ ಮಣ್ಣಿಗೆ ಹೊಂಟಾಗ ಇಂಗ್ಲಿಷ್ ದವಾ ಕಟ್ಕೊಂಡು ಹೋಗಲ್ಯಾ? ಅವರ ಕೈಗುಣದ ಮ್ಯಾಲ ನಂಬಿಗಿ ಇಲ್ಲಂದಂಗ ಆಗ್ತದರಿ."

"ಬಸ್ಸಿನಾಗ ದಮ್ಮು ಹತ್ತಿದ್ರ ಕಂಡಕ್ಟರನ ಕೈಗುಣ ನೋಡಬೇಕಾಗ್ತದ ನೋಡು."

ಅವಳು ನಗಲಿಲ್ಲ. ಬೆಳಗಿನ ಪಂಪನ್ನೂ ಎಳೆಯದೆ ಹೊರಟಳು. ಕೊಹೀರ್ ದಾಟಿತು, ಜಹೀರಾಬಾದಿನಲ್ಲಿ ಬಸ್ಸು ಬದಲಿಸಿದರು. ಏನೂ ಆಗಲಿಲ್ಲ. ತನ್ನ ಮಾತೇ ಗೆದ್ದಿತೆಂದುಕೊಂಡಳು.

ವೈದ್ಯರ ಮನೆಯ ಪಡಸಾಲೆಯಲ್ಲಿ ವಿಭೂತಿ ಧರಿಸಿದ ದೇಹವನ್ನು ಕೂಡಿಸಿದ್ದರು. ಕೊರಳ ತುಂಬ ಹೂವು, ತೊಡೆಯ ಮೇಲೆ ಬಿಲ್ವಪತ್ರೆ. ಲೋಬಾನದ ಹೊಗೆ ತೊಲೆಯ ತನಕ ತುಂಬಿತ್ತು. ಭಜನೆಗೆ ದನಿ ಕೂಡಿಸಲು ಬಾಯಿ ತೆರೆದ ತಾರಾಬಾಯಿಗೆ ಉಸಿರು ಒಳಗೆ ಹೋಗಲೇ ಇಲ್ಲ. ಎದೆಯಲ್ಲಿ ಸಿಳ್ಳು ಎದ್ದಿತು. ಇಂಥ ಹೊತ್ತಿನಲ್ಲಿ ತನ್ನದೊಂದು ರಗಳೆಯೇ ಎಂದು ಬಾಯಿಗೆ ಸೆರಗು ತುರುಕಿಕೊಂಡಳು.

ವೈದ್ಯರ ಮಗಳು ಶೈಲಶ್ರೀ ನೋಡಿದವಳೇ ಎದ್ದುಬಂದು ರಟ್ಟೆ ಹಿಡಿದು ಅಂಗಳಕ್ಕೆ ಕರೆದೊಯ್ದಳು.

"ನಿಮ್ಮ ಪಂಪು ಎಲ್ಲದರಿ, ದೊಡ್ಡವ್ವ?"

"ಮನ್ಯಾಗ."

ಶೈಲಶ್ರೀ ಒಳಗೆ ಓಡಿ, ತಂದೆಯ ಔಷಧದ ಕಪಾಟಿನಿಂದ ಹೊಸದೊಂದು ಪಂಪು ತಂದಳು. "ಬಂದವ್ರಿಗಿ ಯಾವಾಗರ ಬೇಕಾಗ್ತದಂತ ಅಪ್ಪ ಇಟ್ಟಿರ್ತಿದ್ರು. ಮೆಲ್ಲಗ ಎಳೀರಿ. ಗಡಬಡ ಮಾಡಬ್ಯಾಡ್ರಿ."

ತಾರಾಬಾಯಿ ಎಳೆದಳು, ತಡೆದಳು, ಮತ್ತೆ ಎಳೆದಳು. ರೇವಪ್ಪ ಬೆನ್ನು ಸವರುತ್ತ ನಿಂತಿದ್ದ. ಬಹಳ ಹೊತ್ತಿನ ಮೇಲೆ ಎದೆಯ ಬಿಗಿ ಸಡಿಲಾಯಿತು.

"ಕಷಾಯ ಬ್ಯಾರೆ, ಪಂಪು ಬ್ಯಾರೆ, ಎರಡೂ ಜಗಳ ಆಡಲ್ಲ ಅಂತಿದ್ರು ಅಪ್ಪ," ಎಂದಳು ಶೈಲಶ್ರೀ. "ನಿಮಗ ಹೇಳಿದ್ದಿಲ್ಲೇನು?"

"ಹೋದಾಗೊಮ್ಮೆ ಹೇಳ್ಯಾರ, ತಾಯಿ. ಡಾಕ್ಟರಿಗಿ ಕೇಳದೆ ಪಂಪು ಬಿಡಬ್ಯಾಡಂತ. ನಾ ಅವರ ಕೈ ನೋಡ್ಕೋತ ಕುಂತೆ. ಮಾತು ಕಿವ್ಯಾಗ ಹಾಕ್ಕೊಳ್ಳಲಿಲ್ಲ."

"ಇವತ್ತರ ಹಾಕ್ಕೋ," ಎಂದ ರೇವಪ್ಪ. ದನಿಯಲ್ಲಿ ಕೊಂಕಿರಲಿಲ್ಲ.

ಯಾರೋ ಲೋಬಾನದ ಕೆಂಡವನ್ನು ಹೊರಗೆ ತಂದಿಟ್ಟರು. ಸಂಜೆ ಸಮಾಧಿಯ ತನಕ ಅವಳು ನಿಂತು ನಿಂತು ನಡೆದಳು. ಒಂದು ಹಿಡಿ ಮಣ್ಣು ಹಾಕಿ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ಶಿವನೇ, ಮಂದಿಯ ಉಸಿರಿಗಾಗಿ ತಮ್ಮ ಜೀವವನ್ನೇ ತೇದ ಹಿರಿಯರು ಇವರು. ಇವರನ್ನು ನಿನ್ನ ಪಾದದಲ್ಲಿ ಇಟ್ಟುಕೋ. ಇವರ ಆತ್ಮಕ್ಕೆ ಶಾಂತಿ ಕೊಡು.