ಮಿಕ್ಕ ಗುಳಿಗೆ

ಸ್ಫಾಕ್ಸ್ ಊರಿನಲ್ಲಿ ಸತ್ತವರ ಮನೆಯವರು ಮಿಕ್ಕ ಔಷಧವನ್ನು ಬಡವರಿಗಾಗಲೆಂದು ಅಂಗಡಿಗೆ ತಂದುಕೊಡುತ್ತಾರೆ. ಮುಂಜಿಯಾಳ ಔಷಧದಂಗಡಿಗೆ ಇವತ್ತು ತಂದವನು ಅವಳ ಅಳಿಯ ಲಸ್ಸಾದ್.

ಚೀಲದಲ್ಲಿದ್ದುದು ಅವನ ಹೆಂಡತಿ, ಮುಂಜಿಯಾಳ ಮಗಳು ರಫೀಕಾಳ ಮೂರ್ಛೆರೋಗದ ಗುಳಿಗೆ. ಬಸುರಿಯಾದಾಗ ಅದನ್ನು ನಿಲ್ಲಿಸಿದವಳು ಮುಂಜಿಯಾಳೇ. ಏಳನೇ ತಿಂಗಳಲ್ಲಿ, ಬಚ್ಚಲಲ್ಲಿ ಮೂರ್ಛೆ ಬಂದು ತಾಯಿ, ಹೊಟ್ಟೆಯ ಕೂಸು ಇಬ್ಬರೂ ಹೋದರು.

"ಕೈಕಾಲು ನಡುಗಿದ್ರೂ ನುಂಗಲಿಲ್ಲ, ಅತ್ತೆ," ಎಂದ ಲಸ್ಸಾದ್. " ಅಮ್ಮನ ಮಾತು ಮೀರಲ್ಲ ಅಂತಿದ್ಲು."

ಮುಂಜಿಯಾ ಗುಳಿಗೆ ಡಬ್ಬಿಯೊಳಗಿನ ಕಂಪನಿಯ ಅಚ್ಚಿನ ಚೀಟಿ ಬಿಡಿಸಿದಳು. 'ಬಸುರಿಯರ ಮೇಲೆ ಪರೀಕ್ಷಿಸಿಲ್ಲ. ಕೊಡದಿರುವುದು ಲೇಸು' ಎಂದು ಯಾವ ಪುಣ್ಯಾತ್ಮ ಬರೆದಿದ್ದನೋ! ಅದರಡಿ ಕೆಂಪು ಗೆರೆ ಎಳೆದದ್ದು ಮಾತ್ರ ಅವಳದೇ ಕೈ.

"ಪರೀಕ್ಷೆ ಆಗಿದೆ ಕಣಪ್ಪಾ," ಎಂದಳು. "ಬಿಟ್ರೆ ಏನಾಗತ್ತೆ ಅಂತ ನನ್ನ ಮಗಳ ಮೇಲೇ ಮಾಡಿ ನೋಡಿದೆ."