ಸಂದರ್ಶನದ ಕೋಣೆಗೆ ಎರಡು ಸಲ ಹೋದ ಊರುಗೋಲು

ನಾನು ಒಂದು ಊರುಗೋಲು. ಕಂಕುಳಿಗೆ ಒತ್ತುಕೊಡುವ ಅಡ್ಡಪಟ್ಟಿ, ನಡುವೆ ಒಂದು ಹಿಡಿಕೆ, ಕೆಳಗೆ ಒಂದೇ ಪಾದ. ಇಷ್ಟೇ ನನ್ನ ಮೈ. ಗದಗಿನ ಮೌನೇಶಪ್ಪ ಬಡಿಗೇರ ಎಂಬವರು ಹಳೆಯ ಬಾಗಿಲಿನ ತೇಗದ ಚೌಕಟ್ಟನ್ನು ಸೀಳಿ ನನ್ನನ್ನು ಮಾಡಿದರು. ಬಾಗಿಲಾಗಿದ್ದ ದಿನಗಳ ನೆನಪು ನನಗಿಲ್ಲ. ಉಳಿಯ ಏಟು, ಹತ್ತರಿಯ ಉಜ್ಜು, ಆಮೇಲೆ ಅಗಸೆ ಎಣ್ಣೆಯ ವಾಸನೆ. ನನ್ನ ನೆನಪು ಅಲ್ಲಿಂದ ಮೊದಲಾಗುತ್ತದೆ.

ನನ್ನ ಮೊದಲ ಒಡೆಯ ಇಮಾಮಸಾಬ ನದಾಫ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು. ಸಕ್ಕರೆ ಕಾಯಿಲೆ ಅವರ ಒಂದು ಕಾಲನ್ನು ಮೊಣಕಾಲಿನವರೆಗೆ ತಿಂದಿತ್ತು. ನನ್ನನ್ನು ಮನೆಗೆ ತಂದ ದಿನವೇ ಅವರು ನನ್ನ ಅಡ್ಡಪಟ್ಟಿಗೆ ಒಳ್ಳೆಯ ಹತ್ತಿ ಸುತ್ತಿ, ಕೆಂಪು ಬಟ್ಟೆ ಹಾಕಿ ಹೊಲಿದರು. ಎತ್ತರದ ಆಳು, ಭಾರವಾದ ಮೈ. ಮಸೀದಿಯ ಮೆಟ್ಟಿಲ ಬಳಿ ನನ್ನನ್ನು ಗೋಡೆಗೆ ಒರಗಿಸುವಾಗ ಬೀಳದಂತೆ ಎರಡು ಸಲ ನೋಡಿ ಒಳಗೆ ಹೋಗುತ್ತಿದ್ದರು. ಕೆಲವು ವರ್ಷಗಳ ನಂತರ ಕಾಯಿಲೆ ಅವರನ್ನು ಪೂರ್ತಿಯಾಗಿ ತೆಗೆದುಕೊಂಡು ಹೋಯಿತು. ಅವರ ಹೆಂಡತಿ ಬೀಬಿಜಾನ್ ನನ್ನನ್ನು ಎತ್ತಿಕೊಂಡು ಎದುರುಮನೆಗೆ ಹೋದರು.

"ಮನ್ಯಾಗ ಇದು ಸುಮ್ನ ನಿಂತಿದ್ರ ನನಗ ನೋಡಾಕ ಆಗವಲ್ದು. ನಿಮ್ಮ ಹುಡುಗಿಗೆ ಉಪಯೋಗ ಆಕ್ಕೈತೇನು ನೋಡ್ರಿ," ಅಂದರು.

ಎದುರುಮನೆ ಅಕ್ಕಸಾಲಿಗ ವಿರೂಪಾಕ್ಷಪ್ಪ ಪತ್ತಾರರದು. ಅವರ ಒಬ್ಬಳೇ ಮಗಳು ಕಸ್ತೂರಿಗೆ ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಬಲಗಾಲು ಸೊರಗಿಹೋಗಿತ್ತು. ಅಲ್ಲಿಯವರೆಗೆ ಅವಳು ಮೊಣಕಾಲಿನ ಮೇಲೆ ಕೈ ಒತ್ತಿ ಬಾಗಿ ನಡೆಯುತ್ತಿದ್ದಳು. ದೂರವಾದರೆ ಅಪ್ಪನ ಬೆನ್ನೇರುತ್ತಿದ್ದಳು. ಅವಳ ಎತ್ತರಕ್ಕೆ ನನ್ನ ಕಾಲನ್ನು ಕೊಯ್ದರು. ಅವಳು ಬೆಳೆದಂತೆ ವಿರೂಪಾಕ್ಷಪ್ಪ ಅದೇ ತುಂಡನ್ನು ಮತ್ತೆ ಕೂಡಿಸಿ, ಕೀಲಿಗೆ ತಾವೇ ಬಡಿದ ಹಿತ್ತಾಳೆಯ ಉಂಗುರ ತೊಡಿಸಿದರು. ಕಸ್ತೂರಿಯ ಭಾರ ಹಗುರ. ಆದರೆ ಅವಸರ ಬಹಳ. ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ನಾವಿಬ್ಬರೂ ಓಡಿದಂತೆಯೇ ಹೋಗುತ್ತಿದ್ದೆವು.

ಕಾಲಿನ ಸಲುವಾಗಿ ಅಪ್ಪ ಅವಳನ್ನು ಊರೂರಿನ ಆಸ್ಪತ್ರೆಗಳಿಗೆ ಕರೆದುಕೊಂಡು ಹೋಗಿದ್ದರು. ಕೊನೆಯ ಆಸ್ಪತ್ರೆಗೆ ನಾನೂ ಹೋಗಿದ್ದೆ. ಅಲ್ಲಿಯ ಡಾಕ್ಟರು ಕಾಲನ್ನು ಎತ್ತಿ, ಇಳಿಸಿ, ಅವಳ ತಲೆಯ ಮೇಲಿನಿಂದ ಅಪ್ಪನಿಗೆ, "ಇದು ಇಷ್ಟೇ," ಅಂದು ಮುಂದಿನವರನ್ನು ಕರೆದರು. ಬಸ್ಸಿನಲ್ಲಿ ಕಸ್ತೂರಿ ನನ್ನನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಳು.

"ಅಪ್ಪಾ, ಅವರು ನನ್ನ ಮಾರಿ ನೋಡಲೇ ಇಲ್ಲ," ಅಂದಳು.

"ಅವರಿಗೆ ಭಾಳ ಮಂದಿ ಇರ್ತಾರವ್ವಾ."

"ನಾ ಡಾಕ್ಟರ್ ಆದ್ರ ಮೊದ್ಲು ಮಾರಿ ನೋಡ್ತೀನಿ."

ಡಾಕ್ಟರಾಗಿ ಮೊದಲು ಮುಖ ನೋಡುತ್ತೇನೆ ಎಂದು ಮಗಳು ಅಂದದ್ದನ್ನು ಅಪ್ಪ ಮರೆಯಲಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಾಗ ವೈದ್ಯಕೀಯ ಕಾಲೇಜಿಗೆ ಅರ್ಜಿ ತಂದವರು ಅವರೇ. ತಾಯಿ ಗಂಗವ್ವನಿಗೆ ಅದು ಸರಿಬರಲಿಲ್ಲ. "ಅಲ್ಲಿ ಆಕೀನ ಯಾರು ನೋಡ್ಕೊಳ್ಳೋರು? ಕನ್ನಡ ಸಾಲ್ಯಾಗ ಟೀಚರ್ ಆಗ್ಲಿ, ಕೂತು ಪಾಠ ಹೇಳಬಹುದು," ಎಂದು ಒಲೆಯ ಮುಂದೆಯೇ ತಕರಾರು ತೆಗೆದಳು. ಅರ್ಜಿ ಹೋಯಿತು. ಆ ಕಾಲದಲ್ಲಿ ಅಂಕಗಳ ಜೊತೆಗೆ ಸಂದರ್ಶನವೂ ಇತ್ತು. ಕರೆ ಬಂದಾಗ ಅಪ್ಪ, ಮಗಳು, ನಾನು ಬೆಂಗಳೂರಿನ ರೈಲು ಹತ್ತಿದೆವು.

ಉದ್ದನೆಯ ಪಡಸಾಲೆಯ ತುಂಬ ಹುಡುಗರು. ಕೆಲವರು ಕೋಟು ಹಾಕಿದ್ದರು. ಎಲ್ಲರೂ ಬಾಯಲ್ಲೇ ಏನೋ ಉರು ಹೊಡೆಯುತ್ತಿದ್ದರು. ನನ್ನನ್ನು ನೆಲಕ್ಕೆ ಊರಿದಾಗಲೆಲ್ಲ ತಲೆಗಳು ತಿರುಗಿದವು. ಕಸ್ತೂರಿ ನನ್ನನ್ನು ಸದ್ದಾಗದಂತೆ ಇಡಲು ನೋಡಿದಳು. ಅದಕ್ಕೂ ಮೊದಲು ಅವಳು ಹಾಗೆ ಮಾಡಿದ್ದೇ ಇಲ್ಲ.

ಒಳಗೆ ಮೇಜಿನ ಹಿಂದೆ ಮೂವರು. ನಡುವೆ ದಪ್ಪ ಕನ್ನಡಕದ ಅಧ್ಯಕ್ಷರು, ಒಂದು ಪಕ್ಕ ಸಣಕಲು ಮೈಯ ಒಬ್ಬರು, ಇನ್ನೊಂದು ಪಕ್ಕ ಬಿಳಿ ಸೀರೆಯ ವೈದ್ಯೆ. ಕಸ್ತೂರಿ ಕೈಮುಗಿಯಲು ಹೊರಟಳು, ನಾನು ಅಡ್ಡ ಬಂದೆ.

"ಊರುಗೋಲು ಅಲ್ಲಿಟ್ಟು ಸ್ವಲ್ಪ ನಿಂತ್ಕೊಮ್ಮ, ನೋಡೋಣ," ಅಂದರು ಅಧ್ಯಕ್ಷರು.

ಅವಳು ನನ್ನನ್ನು ಗೋಡೆಗೆ ಒರಗಿಸಿ ಮೇಜಿನ ಮುಂದೆ ಹೋಗಿ ನಿಂತಳು. ಅವರು ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಶಸ್ತ್ರಚಿಕಿತ್ಸೆ ಎಂದರೆ ಗಂಟೆಗಟ್ಟಲೆ ನಿಲ್ಲಬೇಕು, ಸೀಟು ಹಾಳಾಗುತ್ತದೆ, ಈಕೆಗೇ ಕಷ್ಟ ಎಂಬಂಥ ಮಾತು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಭಾರವೆಲ್ಲ ಹೊತ್ತ ಎಡಗಾಲು ನಡುಗತೊಡಗಿದ್ದನ್ನು ನಾನು ನೋಡಿದೆ. ಇಮಾಮಸಾಬರ ಕಾಲದಿಂದ ನನಗೆ ನಡುಗುವ ಕಾಲುಗಳ ಪರಿಚಯವಿದೆ. ಇನ್ನೆಷ್ಟು ಹೊತ್ತು ನಿಲ್ಲುತ್ತವೆ ಎಂಬುದು ಗೊತ್ತಾಗುತ್ತದೆ. ನಾನು ಮರ. ಗೋಡೆಗೆ ಒರಗಿಯೇ ಇದ್ದೆ.

ಅವಳು ಬೀಳುವಾಗ ಮೇಜಿನ ಅಂಚು ಹಿಡಿದಳು. ನೀರಿನ ಲೋಟ ಉರುಳಿ ಕಾಗದಗಳೆಲ್ಲ ಒದ್ದೆಯಾದವು. ಸಣಕಲು ಮೈಯವರು ಕಾಗದಗಳನ್ನು ಎತ್ತಿಕೊಂಡರು. ವೈದ್ಯೆ ಎದ್ದು ನಿಂತರು, ಆದರೆ ಮೇಜು ದಾಟಿ ಬರಲಿಲ್ಲ.

"ಸಾಕಮ್ಮ, ಹೋಗು," ಅಂದರು ಅಧ್ಯಕ್ಷರು. ಕೆಟ್ಟ ದನಿಯೇನಲ್ಲ ಅದು. ಮರುಕವೇ ಇತ್ತು.

ಹೊರಗೆ ಅಪ್ಪ, "ಏನು ಕೇಳಿದ್ರವ್ವಾ?" ಅಂದರು.

"ಏನೂ ಕೇಳಲಿಲ್ಲಪ್ಪ."

ಸೀಟು ಸಿಗಲಿಲ್ಲ. ಕಸ್ತೂರಿ ಊರಲ್ಲೇ ಬಿಎಸ್ಸಿಗೆ ಸೇರಿದಳು. ಆ ಚಳಿಗಾಲದಲ್ಲಿ ವಿರೂಪಾಕ್ಷಪ್ಪ ಕುಲುಮೆಯ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರು, ಮತ್ತೆ ಏಳಲಿಲ್ಲ. ಎದೆನೋವು ಎಂದು ಯಾರಿಗೂ ಹೇಳಿರಲಿಲ್ಲ. ಆಮೇಲೆ ಮನೆಯಲ್ಲಿ ಡಾಕ್ಟರಾಗುವ ಮಾತು ನಿಂತುಹೋಯಿತು. ಮತ್ತೆ ಅರ್ಜಿ ಕರೆದಾಗ ಕಸ್ತೂರಿ ವಿಷಯವೇ ಎತ್ತಲಿಲ್ಲ. ಎತ್ತಿದವಳು ಗಂಗವ್ವ.

"ಯಾಕ, ಹಾಕೂದಿಲ್ಲೇನು?"

"ಮತ್ತ ನಿಲ್ಲಸ್ತಾರವ್ವಾ."

"ನಿಲ್ಲಸ್ಲಿ."

"ಮತ್ತ ಬೀಳ್ತೀನಿ."

ಗಂಗವ್ವ ಜೋಳದ ಹಿಟ್ಟಿನ ಕೈ ಒರೆಸಿಕೊಂಡಳು. "ನಿಮ್ಮಪ್ಪ ಇದ್ದಾಗ ಬ್ಯಾಡ ಅಂದಾಕಿ ನಾನ. ಈಗ ಹೋಗು ಅನ್ನಾಕಿನೂ ನಾನ. ಬಿದ್ರ ಎತ್ತಾಕ ಬರ್ತೀನಿ, ನಡಿ."

ರೈಲನ್ನೇ ಹತ್ತದಿದ್ದ ಆ ಹೆಂಗಸು ಬುತ್ತಿ ಕಟ್ಟಿಕೊಂಡು ನಮ್ಮ ಜೊತೆ ಬಂದಳು. ಅದೇ ಪಡಸಾಲೆ, ಅದೇ ಮೂವರು. ಈ ಸಲ ಕಸ್ತೂರಿ ನನ್ನನ್ನು ಸಹಜವಾಗಿ ಊರಿಕೊಂಡು ಒಳಗೆ ನಡೆದಳು. ಅಧ್ಯಕ್ಷರಿಗೆ ಗುರುತು ಸಿಕ್ಕಿತು. ಅವರು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

"ಸರ್, ಹೋದ ವರ್ಷ ನಿಲ್ಲು ಅಂದ್ರಿ, ನಿಂತೆ. ಪ್ರಶ್ನೆ ಒಂದೂ ಕೇಳಲಿಲ್ಲ. ಬ್ಯಾರೇದವರಿಗೆ ಕೇಳೋ ಪ್ರಶ್ನೆ ನನಗೂ ಕೇಳ್ರಿ. ಆಮ್ಯಾಲೆ ನಿಲ್ತೀನಿ."

ಸಣಕಲು ಮೈಯವರ ಮುಖ ಬಿಗಿಯಿತು. ಆಗ ವೈದ್ಯೆ, "ಕೂತ್ಕೊ," ಎಂದು ಕುರ್ಚಿ ತೋರಿಸಿದರು. ರಕ್ತ ಪರಿಚಲನೆ ಕೇಳಿದರು. ಕಾಲರಾ ಹೇಗೆ ಹಬ್ಬುತ್ತದೆ ಎಂದು ಕೇಳಿದರು. ಒಂದು ಪ್ರಶ್ನೆಗೆ ಅವಳು ತಪ್ಪು ಹೇಳಿದಳು. ಇನ್ನೊಂದಕ್ಕೆ ಗೊತ್ತಿಲ್ಲ ಅಂದಳು. ಮಿಕ್ಕವು ಸರಿಯಾಗಿದ್ದವು.

ಕೊನೆಗೆ ಸಣಕಲು ಮೈಯವರು ಕೇಳಿದರು: "ಡಾಕ್ಟ್ರೇ ಕುಂಟುತ್ತಾ ಬಂದ್ರೆ ರೋಗಿಗೆ ಹೇಗೆ ಧೈರ್ಯ ಬರುತ್ತೆ?"

ಅವಳು ಹೇಳಿದಳು. "ಸಣ್ಣಾಕಿ ಇದ್ದಾಗಿಂದ ನಾ ರೋಗೀನರಿ ಸರ್. ಭಾಳ ಡಾಕ್ಟರನ್ನ ನೋಡೀನಿ. ಯಾರ ಕಾಲೂ ನನಗ ನೆನಪಿಲ್ಲ. ನನ್ನ ಮಾತು ಮುಗಿಯೂತನಕ ಯಾರು ಕೇಳಿದ್ರು, ಅವರ ನೆನಪದಾರ."

ಅವಳು ಮಾತು ಕೊಟ್ಟಂತೆ ಎದ್ದು, ನನ್ನನ್ನು ಮೇಜಿಗೆ ಒರಗಿಸಿ ನಿಂತಳು. ಎಡಗಾಲು ನಡುಗಿತು. ಈ ಸಲ ವೈದ್ಯೆ ಮೇಜು ಸುತ್ತಿಕೊಂಡು ಬಂದು, ನನ್ನನ್ನು ಎತ್ತಿ ಅವಳ ಕೈಗೆ ಕೊಟ್ಟರು. "ನಾವು ನೋಡಿದ್ದಾಯ್ತು," ಅಂದರು. ಅದು ಅವಳಿಗೆ ಹೇಳಿದ್ದೋ ಪಕ್ಕದವರಿಗೆ ಹೇಳಿದ್ದೋ ನನಗೆ ತಿಳಿಯಲಿಲ್ಲ.

ಆಯ್ಕೆಯ ಪಟ್ಟಿಯ ಕೆಳಗಡೆ ಅವಳ ಹೆಸರಿತ್ತು. ಸುದ್ದಿ ಕೇಳಿ ಗಂಗವ್ವ ಕುಲುಮೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಬಹಳ ಹೊತ್ತು ಕೂತಳು.

ಕಾಲೇಜಿನ ವರ್ಷಗಳು ಸುಲಭವಾಗಿರಲಿಲ್ಲ. ಹೆಣ ಕೊಯ್ದು ಕಲಿಯುವ ಕೋಣೆಯಲ್ಲಿ ನೆಲ ಸದಾ ಒದ್ದೆ. ಅಲ್ಲಿ ನಾನು ಜಾರಿ ಅವಳ ಗದ್ದ ಒಡೆದೆ. ವಾರ್ಡಿನಲ್ಲಿ ಸುತ್ತಾಡುವ ದಿನ ಸಂಜೆಗೆ ಅವಳ ಕಂಕುಳು ಕೆಂಪಗಾಗಿರುತ್ತಿತ್ತು. ಶಸ್ತ್ರಚಿಕಿತ್ಸೆ ತನ್ನಿಂದಾಗದು ಎಂಬುದನ್ನು ಅವಳೇ ಒಪ್ಪಿಕೊಂಡಳು. ಆ ವಿಷಯದಲ್ಲಿ ಅಧ್ಯಕ್ಷರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಅವಳು ಅರಿವಳಿಕೆ ಕೊಡುವ ಡಾಕ್ಟರಾದಳು. ರೋಗಿಯ ತಲೆಯ ಬಳಿ ಎತ್ತರದ ಸ್ಟೂಲಿನ ಮೇಲೆ ಕೂತು, ಔಷಧ ಏರುವವರೆಗೂ ಅವರ ಮುಖ ನೋಡುತ್ತ ಮಾತಾಡಿಸುವುದು ಅವಳ ಕೆಲಸ. ಥಿಯೇಟರಿನ ಬಾಗಿಲ ಹೊರಗೆ ನಿಂತು ನಾನು ಆ ದನಿ ಕೇಳುತ್ತಿದ್ದೆ. ಒಬ್ಬೊಬ್ಬ ರೋಗಿಯ ಮಾತೂ ನಿಧಾನವಾಗಿ ನಿಂತುಹೋಗುತ್ತಿತ್ತು.

ಆಮೇಲೆ ಅಲ್ಯೂಮಿನಿಯಂ ಊರುಗೋಲುಗಳು ಬಂದವು. ಮೊಣಕೈಗೆ ಹಿಡಿದುಕೊಳ್ಳುವಂಥವು, ಹಗುರ. ಅವಳು ಒಂದನ್ನು ತರಿಸಿಕೊಂಡು, ನನ್ನನ್ನು ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ವ್ಯಾಯಾಮ ಕೋಣೆಗೆ ಕೊಟ್ಟಳು. ಅಲ್ಲಿ ನನಗೆ ಒಬ್ಬ ಒಡೆಯನಿಲ್ಲ. ಲಾರಿಯಿಂದ ಬಿದ್ದ ಹಮಾಲ, ಸೊಂಟ ಮುರಿದ ಅಜ್ಜಿ, ಹೀಗೆ ಯಾರ್ಯಾರೋ. ಬೆವರು ಹಿಡಿದ ಬಟ್ಟೆ ಹರಿದಂತೆಲ್ಲ ಹೊಸದು ಸುತ್ತಿದರು. ಪಾದಕ್ಕೆ ರಬ್ಬರು ಬಂತು. ಹಸಿರು ಬಣ್ಣ ಬಳಿದು ಮೈಮೇಲೆ ನಂಬರು ಬರೆದರು.

ಬಹಳ ವರ್ಷಗಳ ನಂತರ ಒಂದು ಬೆಳಿಗ್ಗೆ ಡಾಕ್ಟರ್ ಕಸ್ತೂರಿ ಆ ಕೋಣೆಗೆ ಬಂದರು. ಕೂದಲು ನರೆತಿತ್ತು. ಶಸ್ತ್ರಚಿಕಿತ್ಸೆಯಾದ ಒಬ್ಬ ಹೆಂಗಸು ಕಾಲೂರಲು ಹೆದರಿ ಅಳುತ್ತಿದ್ದಳು. ಅವಳನ್ನು ನೋಡಲು ಬಂದಿದ್ದರು. ಮೂಲೆಯಲ್ಲಿದ್ದ ನನ್ನನ್ನು ಎತ್ತಿಕೊಂಡರು. ಆ ಕೈ ನನಗೆ ತಕ್ಷಣ ಗೊತ್ತಾಯಿತು. ಹಿತ್ತಾಳೆಯ ಉಂಗುರವೂ ಮುಚ್ಚಿಹೋಗಿದ್ದ ಹಸಿರು ಬಣ್ಣದ ಕೆಳಗೆ ಅವರಿಗೆ ನನ್ನ ಗುರುತು ಹತ್ತಲಿಲ್ಲ. ನನ್ನ ಎತ್ತರ ಸರಿಯಾಗಿದೆಯೇ ಎಂದು ನೋಡಿ, ಹೆಂಗಸಿನ ಕಂಕುಳಿಗೆ ಇಟ್ಟು, "ಭಾರ ಹಾಕವ್ವಾ. ಅದಕ್ಕೇನೂ ಆಗೂದಿಲ್ಲ," ಅಂದರು.

ಹೆಂಗಸು ಹೆದರುತ್ತಲೇ ಭಾರ ಹಾಕಿದಳು. ನಾನು ತಡೆದೆ. ಡಾಕ್ಟರು ಅವಳ ಮುಖವನ್ನೇ ನೋಡುತ್ತ, ಅವಳು ಬಾಗಿಲಿನವರೆಗೆ ಹೋಗಿ ಬರುವ ತನಕ ನಿಂತಿದ್ದು, ಆಮೇಲೆ ಹೊರಟುಹೋದರು.

ಈಗ ನನ್ನ ಅಡ್ಡಪಟ್ಟಿ ಸೀಳಿದೆ. ಕಾಲು ಮುರಿದ ಮಂಚಗಳ ನಡುವೆ ಉಗ್ರಾಣದ ಗೋಡೆಗೆ ಒರಗಿದ್ದೇನೆ. ಹರಾಜಿನವರು ಕಬ್ಬಿಣ ತೂಗಿ ಒಯ್ಯುತ್ತಾರೆ, ಮರ ನೀರೊಲೆಗೆ ಹೋಗುತ್ತದೆ. ಡಾಕ್ಟರ್ ಕಸ್ತೂರಿ ನನ್ನನ್ನು ಗುರುತಿಸಲಿಲ್ಲವೆಂದು ಮೊದಲು ಸ್ವಲ್ಪ ನೋವಾಗಿತ್ತು. ಯೋಚಿಸಿದಂತೆ ಅದು ಹೋಯಿತು. ಆ ಬೆಳಿಗ್ಗೆ ಅವರು ನೋಡಬೇಕಾಗಿದ್ದುದು ನನ್ನನ್ನಲ್ಲ.