ಕನ್ನಡಿಗೆ ಟವೆಲು ಮುಚ್ಚಿ ಹಾಕಿದ ವೋಟು

ಅಂಟು ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾಲಿಗೆಯ ತುದಿ ಇನ್ನೂ ಜಿಗುಟು ಜಿಗುಟು, ಲಕೋಟೆಯ ಅಂಚನ್ನು ಈ ಕೊನೆಯಿಂದ ಆ ಕೊನೆಗೆ ನೆಕ್ಕಿ, ಒತ್ತಿ, ಮೇಲೊಂದು ಗುದ್ದನ್ನೂ ಕೊಟ್ಟು, ಆಯಿತು, ಮುಗಿಯಿತು, ಜೀವಮಾನದ ಮೊದಲನೆಯ ವೋಟು, ಅದೂ ಅಕ್ಕನ ಬ್ಯೂಟಿ ಪಾರ್ಲರಿನ ಚಕ್ರದ ಕುರ್ಚಿಯಲ್ಲಿ ಕೂತು, ಪ್ಲಾಸ್ಟರು ಹಾಕಿದ ಎಡಗಾಲನ್ನು ಶಾಂಪೂ ತುಂಬಿದ ರಟ್ಟಿನ ಡಬ್ಬದ ಮೇಲೆ ಚಾಚಿಕೊಂಡು — ಬೆಟ್ಟದ ರೂಟಿನಲ್ಲಿ ಬಸ್ಸು ಓಡಿಸುವವಳು, ಅಂಥ ತಿರುವುಗಳಲ್ಲೂ ಬಸ್ಸಿಗೆ ಒಂದು ಗೀರು ಬೀಳಿಸದವಳು, ಮನೆಯಲ್ಲಿ ಪರದೆ ಸಿಕ್ಕಿಸಲು ಸ್ಟೂಲು ಹತ್ತಿ ಬಿದ್ದಳಲ್ಲ, ಡಿಪೋದವರೆಲ್ಲ ಆಸ್ಪತ್ರೆಗೆ ಬಂದು ನಕ್ಕಿದ್ದೇ ನಕ್ಕಿದ್ದು, ಏನಕ್ಕಾ, ಸ್ಟೂಲಿಗೆ ಲೈಸೆನ್ಸ್ ಇರಲಿಲ್ವಾ, ಅವಳಿಗೂ ನಗು ತಡೆಯಲಾಗಲಿಲ್ಲ, ನಕ್ಕಷ್ಟೂ ಕಾಲು ನೋಯುತ್ತಿತ್ತು, ನೋವು ಹೆಚ್ಚಾದಷ್ಟೂ ಮತ್ತೆ ನಗು, ಅಷ್ಟರಲ್ಲಿ ಅಕ್ಕ ಬಂದಳು, ಬಾಗಿಲಲ್ಲೇ ನಿಂತು ಸೊಂಟಕ್ಕೆ ಕೈಯಿಟ್ಟು, ಒಬ್ಬಳೇ ಇಲ್ಲೇನು ಮಾಡ್ತೀಯಾ ಪುಟ್ಟಿ, ನಡಿ ನಮ್ಮೂರಿಗೆ, ಪ್ಲಾಸ್ಟರು ಬಿಚ್ಚೋವರೆಗೂ ನನ್ನ ಹತ್ರಾನೇ ಇರು, ಅಂದವಳು ಮಾತಿಗೆ ಅವಕಾಶವನ್ನೇ ಕೊಡದೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆತಂದಳು, ತಲೆ ನರೆತರೂ ಪುಟ್ಟಿ ಪುಟ್ಟಿಯೇ. ಅಕ್ಕನ ಮನೆಯೋ ಮಹಡಿಯ ಮೇಲೆ, ಮೆಟ್ಟಿಲು ಹತ್ತುವಂತಿಲ್ಲ, ಹಾಗಾಗಿ ಮಲಗುವುದು ಪಾರ್ಲರಿನ ಹಿಂದಿನ ಕೋಣೆಯಲ್ಲಿ, ಹಗಲೆಲ್ಲ ಪಾರ್ಲರಿನಲ್ಲೇ, ಎತ್ತ ತಿರುಗಿದರೂ ಕನ್ನಡಿ, ಆ ಕನ್ನಡಿಯಲ್ಲೂ ಅವಳೇ, ಈ ಕನ್ನಡಿಯಲ್ಲೂ ಅವಳೇ, ಇಷ್ಟು ವರ್ಷ ಕನ್ನಡಿಯಲ್ಲಿ ಹಿಂದೆ ಬರುವ ಲಾರಿ ನೋಡಿದ ಕಣ್ಣಿಗೆ ತನ್ನನ್ನೇ ನೋಡಿಕೊಂಡು ಕೂರುವುದು ಒಂದು ದೊಡ್ಡ ಶಿಕ್ಷೆ.

ಅಲ್ಲ, ಚುನಾವಣೆ ಅಂದರೆ ಅವಳಿಗೆ ಹೊಸತೇನಲ್ಲ, ಪ್ರತಿ ಸಲವೂ ಡ್ಯೂಟಿ ಅವಳದೇ, ಅಧಿಕಾರಿಗಳು, ಪೆಟ್ಟಿಗೆಗಳು, ಮಡಚುವ ಮೇಜು, ರಟ್ಟಿನ ಮರೆ, ಎಲ್ಲವನ್ನೂ ತುಂಬಿಕೊಂಡು ಬೆಳಕು ಹರಿಯುವ ಮುಂಚೆ ಬೆಟ್ಟ ಹತ್ತಿಸಬೇಕು, ಸಂಜೆಯವರೆಗೆ ಕಾದು ಇಳಿಸಬೇಕು, ನಡುವೆ ಸ್ಟಿಯರಿಂಗಿಗೆ ಗಲ್ಲ ಊರಿಕೊಂಡು ಜನರನ್ನು ನೋಡುತ್ತಾ ಕೂತಿರುತ್ತಿದ್ದಳು, ಒಳಗೆ ಹೋಗುವಾಗ ಎಲ್ಲರ ಮುಖ ಆಸ್ಪತ್ರೆಗೆ ಹೋದ ಹಾಗೆ, ಹೊರಗೆ ಬರುವಾಗ ಬೆನ್ನು ಒಂದಿಷ್ಟು ನೆಟ್ಟಗೆ, ಏನೋ ಹೇಳಬೇಕಾದ್ದನ್ನು ಹೇಳಿ ಬಂದ ಹಾಗೆ, ಒಂದು ಸಲ ಅಧಿಕಾರಿಯನ್ನು ಕೇಳಿಯೇಬಿಟ್ಟಳು, ಸಾರ್, ನಾನೂ ಒಂದು ಹಾಕ್ಲಾ, ಪಟ್ಟಿಯಲ್ಲಿ ಹೆಸರಿದೆಯೇನಮ್ಮಾ, ಇಲ್ಲ ಸಾರ್, ಹಾಗಿದ್ರೆ ಆಗಲ್ಲಮ್ಮ — ಎಲ್ಲಿಂದ ಇರಬೇಕು ಹೆಸರು, ಈ ಡಿಪೋದಿಂದ ಆ ಡಿಪೋಗೆ ವರ್ಗ, ಈ ಬಾಡಿಗೆ ಕೋಣೆಯಿಂದ ಆ ಬಾಡಿಗೆ ಕೋಣೆಗೆ ಟ್ರಂಕು, ನೋಂದಾಯಿಸಬೇಕು ಅನ್ನುವಷ್ಟರಲ್ಲಿ ವಿಳಾಸವೇ ಬದಲು, ಮುಂದಿನ ಸಲ ನೋಡೋಣ, ಅದರ ಮುಂದಿನ ಸಲ ನೋಡೋಣ. ಈ ಸಲ ಮಾತ್ರ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು, ಗೋಡೆ ಗೋಡೆಯ ಮೇಲೆ ಹಲ್ಲು ಬಿಟ್ಟುಕೊಂಡು ನಿಂತಿದ್ದನಲ್ಲ ಆ ನಗುಮುಖದ ಅಭ್ಯರ್ಥಿ, ಬೆಟ್ಟದ ಬಸ್ಸು ಖಾಲಿ ಓಡ್ತಿದೆ, ನಾನು ಗೆದ್ದರೆ ಮೊದಲು ಅದನ್ನು ನಿಲ್ಲಿಸ್ತೀನಿ ಅಂದನಂತೆ, ಖಾಲಿಯಂತೆ, ಒಂದು ದಿನ ಹತ್ತಿ ನೋಡಿದ್ದನೇ ಮಹಾರಾಯ, ಆಸ್ಪತ್ರೆಯ ನೆಲ ಒರೆಸಿ ಸಂಜೆ ಮನೆಗೆ ಹೋಗುವ ಹೆಂಗಸರು ಹತ್ತಿದ ಕೂಡಲೇ ಚಪ್ಪಲಿ ಕಳಚಿ ಕಾಲು ಚಾಚುತ್ತಾರೆ, ಕೊನೆಯ ತಿರುವಿನಲ್ಲಿ ಅವರನ್ನು ಹೆಸರು ಹಿಡಿದು ಎಬ್ಬಿಸಬೇಕು, ಆ ಬಸ್ಸಿಲ್ಲದಿದ್ದರೆ ಆ ಕಾಲುಗಳು ಅಷ್ಟು ದೂರ ಹತ್ತಬೇಕು. ಚುನಾವಣೆಯಲ್ಲಿ ಅವನ ಎದುರಿಗೆ ನಿಂತವಳು ಔಷಧಿ ಅಂಗಡಿಯವಳು, ಪೋಸ್ಟರಿನಲ್ಲಿ ನಗಲೂ ಬಾರದವಳು, ಆದರೆ ಬಸ್ಸು ಹತ್ತಿ ಕೂತು ಕೊನೆಯವರೆಗೂ ಬಂದು ಎಲ್ಲರನ್ನೂ ಮಾತಾಡಿಸಿ ಇಳಿದಳು — ಯಾರಿಗೆ ಹಾಕಿದೆ ಅನ್ನುವುದನ್ನು ಮಾತ್ರ ಮನಸ್ಸಿನೊಳಗೂ ಗಟ್ಟಿಯಾಗಿ ಹೇಳಿಕೊಳ್ಳಬಾರದು, ಗುಟ್ಟು ಅಂದರೆ ಗುಟ್ಟು.

ಈಚೆಗೆ ಸ್ವಂತ ಮನೆಯೊಂದು ಆಗಿತ್ತು, ವಿಳಾಸ ಅನ್ನುವುದೊಂದು ಇತ್ತು, ಕಾಲು ಮುರಿದು ಕೂತಾಗ ಹೊತ್ತೂ ಇತ್ತು, ಅಕ್ಕನ ಫೋನು ಕಿತ್ತುಕೊಂಡು ಚುನಾವಣಾ ಕಚೇರಿಗೆ ಹಚ್ಚಿದಳು, ಆ ಕಡೆ ಒಬ್ಬ ಗುಮಾಸ್ತ, ಬರೆದಿಟ್ಟುಕೊಂಡದ್ದನ್ನು ಓದುವ ದನಿ, ಹೊಸ ಮತದಾರರಾ, ಹೌದಪ್ಪ, ಹದಿನೆಂಟು ತುಂಬಿದೆಯಾ, ಮೂರು ಸಲ ತುಂಬಿದೆ ಕಣಪ್ಪ, ಆ ಕಡೆ ಎಂಥ ನಗು, ಪಕ್ಕದ ಮೇಜಿನವರಿಗೂ ಹೇಳಿ ನಕ್ಕ, ನಕ್ಕು ಮುಗಿಸಿ ಅಚ್ಚುಕಟ್ಟಾಗಿ ವಿವರಿಸಿದ, ಮೊದಲು ನೋಂದಣಿ ಆಗಲಮ್ಮ, ಅದಾದ ಮೇಲೆ ಊರಲ್ಲಿಲ್ಲ ಅಂತ ಅರ್ಜಿ ಕೊಡಿ, ಮತಪತ್ರ ಅಂಚೆಯಲ್ಲಿ ನೀವಿರೋ ಕಡೆಗೇ ಬರುತ್ತೆ, ಗುರುತು ಹಾಕಿ ಅಂಚೆಯಲ್ಲೇ ವಾಪಸ್ಸು ಕಳಿಸಿ, ಮತ ಎಣಿಸೋ ಮುಂಚೆ ಬಂದು ಸೇರಬೇಕು ನೋಡಿ. ಆಮೇಲೆ ನೋಂದಣಿಯಾಗಿದೆ ಎಂಬ ಕಾಗದ ಬಂದ ದಿನ, ಅಚ್ಚಿನಲ್ಲಿ ಅವಳ ಹೆಸರು, ಅದರ ಮುಂದೆ ಮತದಾರರು, ಅವಳೊಬ್ಬಳಿಗೇ ಬಹುವಚನ, ಅಕ್ಕನಿಗೆ ಓದಿ ಹೇಳಿದಳು, ಗಿರಾಕಿಗಳಿಗೆ ಓದಿ ಹೇಳಿದಳು, ಸಾಬೂನು ಮಾರಲು ಬಂದವನನ್ನೂ ಬಿಡಲಿಲ್ಲ, ಅಕ್ಕ ಕತ್ತರಿ ಆಡಿಸುತ್ತಲೇ, ಒಂದು ವೋಟಿಗೆ ಇಷ್ಟೊಂದು ಕುಣೀತಾಳಲ್ಲ, ಎರಡು ಕಾಲೂ ಸರಿಯಿದ್ದಿದ್ರೆ ಊರು ಉಳೀತಿರಲಿಲ್ಲ, ಅಂದಳು.

ಆದರೆ ಮತಪತ್ರ ಎಲ್ಲಿ ಅಡ್ಡಾಡಿತೋ ಏನೋ, ಬಂದದ್ದು ಇವತ್ತು, ಕೊಟ್ಟ ಅಂಚೆಯವಳೇ ಹೇಳಿಹೋದಳು, ಮಧ್ಯಾಹ್ನದ ವ್ಯಾನಿಗೆ ಹಾಕಿದ್ರೆ ಸರಿ, ನಾಳೆ ಅಂದ್ರೆ ನಾನು ಗ್ಯಾರಂಟಿ ಕೊಡಲ್ಲಮ್ಮ. ಜೊತೆಗೆ ಬಂದ ಸೂಚನೆಯಲ್ಲಿ ಒಬ್ಬರು ಸಾಕ್ಷಿ ಬೇಕಂತೆ, ಸಹಿ ಹಾಕುವುದನ್ನು ಸಾಕ್ಷಿ ನೋಡಬೇಕಂತೆ, ಗುರುತು ಹಾಕುವುದನ್ನು ನೋಡಬಾರದಂತೆ, ಅಕ್ಕ ಬೆನ್ನು ತಿರುಗಿಸಿ ನಿಂತಳು, ತಿರುಗಿದರೆ ಎದುರಿಗೆ ಕನ್ನಡಿ, ಕನ್ನಡಿಯಲ್ಲಿ ಇಡೀ ಮತಪತ್ರ, ಈ ಕಡೆ ತಿರುಗಿದಳು, ಇಲ್ಲೂ ಕನ್ನಡಿ, ಅಯ್ಯೋ ಪುಟ್ಟಿ, ನಾನು ಗೋಡೆ ತುಂಬ ಕನ್ನಡಿ ಹಾಕಿಸಿದ್ದೇ ತಪ್ಪಾಯ್ತಲ್ಲೇ, ಅಂತ ಟವೆಲುಗಳನ್ನೆಲ್ಲ ತಂದು ಒಂದೊಂದೇ ಕನ್ನಡಿಗೆ ಹೊದಿಸಿದಳು, ಸಾಲದ್ದಕ್ಕೆ ಏಪ್ರನ್ನು ಬಿಚ್ಚಿ ಮೂಲೆಯ ಚಿಕ್ಕ ಕನ್ನಡಿಗೂ ಮುಚ್ಚಿದಳು, ಅಷ್ಟಾದ ಮೇಲೆ ನೋಡಿದರೆ ಕಿಟಕಿಯ ಹತ್ತಿರ ಟೀಚರಮ್ಮ, ನಿವೃತ್ತರು, ಅರ್ಧ ತಲೆಗೆ ಮಾತ್ರ ಬಣ್ಣ ಹಚ್ಚಿಸಿಕೊಂಡು ಬಾಯಿ ಬಿಟ್ಟು ನೋಡುತ್ತಾ ಕೂತಿದ್ದಾರೆ, ಟೀಚರಮ್ಮ, ದಯವಿಟ್ಟು ಆ ಕಡೆ ತಿರುಗಿ, ಅಂದಳು ಅಕ್ಕ, ಪಕ್ಕದವರ ಪೇಪರು ನೋಡ್ಬೇಡ ಅಂತ ಜೀವಮಾನವೆಲ್ಲ ಹೇಳಿದವಳು ಕಣಮ್ಮ ನಾನು, ನನಗೇ ಹೇಳ್ತೀಯಾ, ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು, ಪಾರ್ಲರು ಗಪ್‌ಚುಪ್, ನಲ್ಲಿ ತೊಟ್ಟಿಕ್ಕುವ ಸದ್ದು, ಅವಳು ಪೆನ್ನಿನ ಮುಚ್ಚಳ ತೆಗೆದು, ಆ ಚೌಕದಲ್ಲಿ, ಒಂದು ಗೆರೆ ಹೀಗೆ, ಇನ್ನೊಂದು ಗೆರೆ ಹಾಗೆ, ಅಷ್ಟೇ, ಅಷ್ಟಕ್ಕೇ ಕಣ್ಣು ತುಂಬಿತು, ಹನಿ ಕಾಗದದ ಮೇಲೆ ಬಿದ್ದರೆ ವೋಟು ಕುಲಗೆಡುತ್ತದೇನೋ ಎಂದು ತಲೆಯನ್ನೇ ಹಿಂದಕ್ಕೆ ಎಳೆದುಕೊಂಡಳು.

ಆಮೇಲೆ ಒಳಲಕೋಟೆ, ಹೊರಲಕೋಟೆ, ಅವಳ ಸಹಿ, ಅಕ್ಕನ ಸಹಿ, ಅಂಟು, ಗುದ್ದು — ಅಯ್ಯೋ, ಮತಪತ್ರ ಒಳಗೆ ಹಾಕಿದೆನೇ, ಮಡಿಲಲ್ಲಿಲ್ಲ, ಕೆಳಗಿಲ್ಲ, ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಒಳಗೆ ಮಬ್ಬಾಗಿ ಒಂದು ಮಡಿಕೆ, ಇದೆ, ಸದ್ಯ, ಇದೆ, ತಾ ಇಲ್ಲಿ, ಓಡಿಹೋಗಿ ಹಾಕಿ ಬರ್ತೀನಿ, ಅಂದಳು ಅಕ್ಕ ಕೈ ಚಾಚಿ, ಬೇಡ, ನಾನೇ ಹಾಕ್ತೀನಿ, ಹುಚ್ಚಾ ನಿನಗೆ, ಈ ಕಾಲಲ್ಲಿ, ನಾನೇನು ತಿಂದುಬಿಡ್ತೀನಾ ನಿನ್ನ ವೋಟನ್ನ, ತಿನ್ನಲ್ಲ ಕಣೇ ಅಕ್ಕ, ಆದ್ರೂ ನನ್ನ ಕೈಯಾರೆ ಬೀಳಬೇಕು, ಇಷ್ಟು ವರ್ಷ ಊರಿನೋರ ವೋಟೆಲ್ಲ ಹೊತ್ತಿದೀನಿ, ನನ್ನದೊಂದನ್ನ ಇನ್ನೊಬ್ಬರು ಹೊರೋದು ಬೇಡ. ಅಕ್ಕ ಅವಳ ಮುಖವನ್ನೇ ನೋಡಿದಳು, ಕುರ್ಚಿಯ ಹಿಂದೆ ಬಂದು ಅದರ ಬೆನ್ನಿಗೆ ಕೈಹಚ್ಚಿದಳು, ಕಾಲು ಎತ್ತಿ ಹಿಡ್ಕೋ. ಬೀದಿ, ಬಿಸಿಲು, ಕಲ್ಲುಹಾಸಿನ ಮೇಲೆ ಚಿಕ್ಕ ಚಕ್ರಗಳು ಗಡಗಡಗಡ, ಹಲ್ಲುಗಳೆಲ್ಲ ಕಟಕಟ, ಇಳಿಜಾರು ಶುರುವಾಯಿತು, ಬ್ರೇಕು ಅಕ್ಕಾ ಬ್ರೇಕು, ನಾನೇ ಕಣೇ ಬ್ರೇಕು, ಬಲಗಾಲು ತಾನಾಗಿಯೇ ಇಲ್ಲದ ಪೆಡಲನ್ನು ಒತ್ತಿತು, ಮುಂದೆ ಟೀಚರಮ್ಮ, ಅರ್ಧ ತಲೆ ಕಪ್ಪು, ಅರ್ಧ ಬಿಳಿ, ಕೊರಳಿಗೆ ಪ್ಲಾಸ್ಟಿಕ್ ಹಾಳೆ, ಎರಡೂ ಕೈ ಎತ್ತಿ ಸ್ಕೂಟರುಗಳನ್ನು ತಡೆಯುತ್ತಾ, ನಿಲ್ಲಿ, ನಿಲ್ಲಿ, ವೋಟು ಬರ್ತಿದೆ, ಬ್ರೆಡ್ಡಿನಂಗಡಿಯವನು ಹೊರಬಂದು ಚಪ್ಪಾಳೆ ತಟ್ಟಿದ, ಯಾಕೆ ಅಂತ ಅವನಿಗೇ ಗೊತ್ತಿಲ್ಲ, ಅವಳು ಲಕೋಟೆಯನ್ನು ಎದೆಗೊತ್ತಿಕೊಂಡು ನಗುತ್ತಿದ್ದಾಳೆ, ಅಳುತ್ತಿದ್ದಾಳೆ, ಎರಡರ ನಡುವಿನ ಗೆರೆ ಯಾವಾಗಲೋ ಅಳಿಸಿಹೋಗಿದೆ, ಮೂಲೆ ತಿರುಗಿದರೆ ಅಂಚೆ ವ್ಯಾನು ನಿಂತೇ ಇದೆ, ಚಾಲಕ ಅಂಚೆ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಆಗಲೇ ಚೀಲಕ್ಕೆ ಬಾಚಿ ಅದರ ಬಾಯಿ ಕಟ್ಟುತ್ತಿದ್ದಾನೆ.

ಕೊಡಿ ಅಮ್ಮಾ, ಚೀಲಕ್ಕೇ ಹಾಕ್ಕೋತೀನಿ, ಅಂದ ಅವನು, ಅವಳು ಕೊಡಲಿಲ್ಲ, ಪೆಟ್ಟಿಗೆಗೇ ಹಾಕ್ತೀನಪ್ಪಾ, ಪೆಟ್ಟಿಗೆ ತೆಗೆದಾಯ್ತಲ್ಲಮ್ಮಾ, ಟೈಮಾಯ್ತು, ಇದು ವೋಟು ಕಣಪ್ಪ, ನನ್ನ ಮೊದಲನೇದು. ಅವನು ಅವಳನ್ನು ನೋಡಿದ, ಪ್ಲಾಸ್ಟರನ್ನು ನೋಡಿದ, ಏದುಸಿರು ಬಿಡುವ ಅಕ್ಕನನ್ನು, ಎರಡು ಬಣ್ಣದ ಟೀಚರಮ್ಮನನ್ನು ನೋಡಿದ, ಕೈಲಿದ್ದ ಚೀಲ ಕೆಳಗಿಟ್ಟ, ಖಾಲಿ ಪೆಟ್ಟಿಗೆಯ ಬಾಗಿಲನ್ನು ಮತ್ತೆ ಮುಚ್ಚಿ ಬೀಗ ತಿರುಗಿಸಿದ, ಹಾಕಿ ಅಮ್ಮಾ, ನಿಧಾನವಾಗಿ ಹಾಕಿ. ಕುರ್ಚಿಯಿಂದ ಮೇಲಕ್ಕೆ ಚಾಚಿದ ಕೈ, ತಗಡಿನ ಬಾಯಿ ಬಿಸಿಲಿಗೆ ಕಾದಿತ್ತು, ಬೆರಳು ಬಿಡಲೊಲ್ಲದು, ಬಿಟ್ಟಿತು, ಒಳಗೆ ಟಪ್ ಎಂಬ ಸದ್ದು, ಚಾಲಕ ಮತ್ತೆ ಬೀಗ ತೆಗೆದ, ಅವಳಿಗೂ ಕಾಣುವಂತೆ ಬಾಗಿಲನ್ನು ಪೂರ್ತಿ ಸರಿಸಿ ಪಕ್ಕಕ್ಕೆ ನಿಂತ, ಆಮೇಲೆ ಒಳಗಿದ್ದದ್ದನ್ನೂ ಎತ್ತಿ ಚೀಲದೊಳಗೆ ಮೇಲೆಯೇ ಇಟ್ಟುಕೊಂಡು, ಒಮ್ಮೆ ಹಾರ್ನು ಹೊಡೆದು ಹೊರಟುಹೋದ, ಈಗ ಏರು, ಅಕ್ಕ ಉಸ್ಸು ಬುಸ್ಸು ಎನ್ನುತ್ತಾ ತಳ್ಳುತ್ತಿದ್ದಾಳೆ, ಈ ಸಲ ನಾನೂ ಹಾಕ್ಬೇಕು ಕಣೇ, ನಾನಂತೂ ಬರೀ ಬೈಕೊಂಡು ಕೂತಿರ್ತೀನಿ, ಅನ್ನುತ್ತಿದ್ದಾಳೆ, ನನ್ನ ಬಣ್ಣ ಒಣಗಿಹೋಯ್ತು ಅನ್ನುತ್ತಿದ್ದಾರೆ ಟೀಚರಮ್ಮ, ಅವಳಿಗೆ ಏನೂ ಕೇಳುತ್ತಿಲ್ಲ, ಕಣ್ಣು ಮುಚ್ಚಿದರೆ ತೆರೆದ ಆ ಬಾಗಿಲು, ಕಣ್ಣು ತೆರೆದರೂ ಆ ಬಾಗಿಲು, ಒಳಗೆ ಇಳಿದ ಒಂದು ಪಟ್ಟೆ ಬಿಸಿಲು, ಖಾಲಿ ಪೆಟ್ಟಿಗೆಯ ತಳದಲ್ಲಿ, ಅಂಗಾತ, ಬೆಳ್ಳಗೆ, ಅವಳ ಲಕೋಟೆ, ಅದೊಂದೇ